ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ

ಮನೆಯಲ್ಲಿ ಅರುವತ್ತು ದಾಟಿದ ಹಿರಿಯರಿದ್ದರೆ ಈ ಮಾತು ನಿಮಗೆ ಹೊಸದಲ್ಲ: "ನೀವು ಮಾತಾಡುವುದು ಕೇಳಿಸುತ್ತದೆ, ಏನು ಹೇಳುತ್ತೀರೆಂದು ಮಾತ್ರ ಗೊತ್ತಾಗುವುದಿಲ್ಲ." ಬಾಗಿಲು ಬಡಿದದ್ದು, ಅಝಾನ್ ಕರೆದದ್ದು ಅವರಿಗೆ ಕೇಳಿಸುತ್ತದೆ. ಮದ್ದು ತಿಂದಿರಾ ಎಂದು ಕೇಳಿದರೆ ಮುಖ ನೋಡುತ್ತಾರೆ. 'ಬೇಕಾದದ್ದು ಮಾತ್ರ ಕೇಳಿಸುತ್ತದೆ' ಎಂದು ನಾವು ನಗುತ್ತೇವೆ. ಆ ನಗು ಅನ್ಯಾಯದ್ದು, ಏಕೆಂದರೆ ಅವರು ಹೇಳುತ್ತಿರುವುದು ಪೂರ್ತಿ ನಿಜ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೂದಲಿನಂಥ ಕೋಶಗಳು ಶಬ್ದವನ್ನು ನರದ ಸಂದೇಶವಾಗಿ ಬದಲಿಸುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸಾಯುವುದು ತೀಕ್ಷ್ಣ ಸ್ವರವನ್ನು ಹಿಡಿಯುವ ಕೋಶಗಳು. ಅ, ಆ, ಓ ಮುಂತಾದ ಸ್ವರಗಳು ತಗ್ಗಿನ ದನಿಯವು, ಅವು ಉಳಿಯುತ್ತವೆ. ಸ, ಶ, ತ, ಪ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಆಗ ಕಪ್ಪು, ಕತ್ತು, ಕಚ್ಚು ಮೂರೂ ಒಂದೇ ತರಹ ಕೇಳಿಸುತ್ತವೆ. ನೀವು ಕಿರುಚಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ. ಮೇಲಾಗಿ ಇಂಥ ಕಿವಿಗೆ ಸಣ್ಣ ಶಬ್ದ ಕೇಳಿಸದಿದ್ದರೂ ದೊಡ್ಡ ಶಬ್ದ ಬೇಗನೆ ಕಿರಿಕಿರಿಯಾಗುತ್ತದೆ. "ಯಾಕೆ ಬೊಬ್ಬೆ ಹಾಕುತ್ತೀ?" ಎಂದು ಅವರು ಗದರುವುದು ಅದಕ್ಕೇ.

ಬಿಟ್ಟುಹೋದ ಅಕ್ಷರಗಳನ್ನು ತುಂಬಿಸಿಕೊಳ್ಳುವುದು ಮೆದುಳಿನ ಕೆಲಸ. ಮಾತಿನ ಸಂದರ್ಭ, ನಿಮ್ಮ ತುಟಿಯ ಚಲನೆ, ಹಳೆಯ ನೆನಪು ಎಲ್ಲವನ್ನೂ ಕೂಡಿಸಿ ಅದು ಊಹಿಸುತ್ತದೆ. ಕೊರೊನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ತಮಗೆ ಕಿವಿ ಮಂದವೆಂದು ಅನೇಕರಿಗೆ ತಿಳಿದದ್ದು ಹೀಗೆ. ಹತ್ತು ಜನ ಒಟ್ಟಿಗೆ ಮಾತಾಡುವ ಮದುವೆ ಹಾಲ್‌ನಲ್ಲಿ ಒಬ್ಬರ ದನಿಯನ್ನು ಹೇಗೆ ಆರಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ಬ್ರಿಟನ್‌ನ ಕಾಲಿನ್ ಚೆರ್ರಿ 1953ರಲ್ಲೇ ಪ್ರಯೋಗಕ್ಕೆ ಒಡ್ಡಿದ್ದರು. ಅದು ಕಿವಿಯೊಂದರ ಕೆಲಸವಲ್ಲ. ಗಮನ ಮತ್ತು ನೆನಪಿನ ಶಕ್ತಿ ಅಲ್ಲಿ ದುಡಿಯಬೇಕು. ಆ ಶಕ್ತಿಯೆಲ್ಲ ಅಕ್ಷರ ಊಹಿಸುವುದರಲ್ಲೇ ಖರ್ಚಾದರೆ ಹೇಳಿದ ವಿಷಯವನ್ನು ನೆನಪಿಡಲು ಏನು ಉಳಿಯುತ್ತದೆ? ಕೂಟ ಮುಗಿಸಿ ಬಂದ ಉಮ್ಮ ದಣಿದು ಮಲಗುವುದಕ್ಕೂ, ನಿನ್ನೆ ಹೇಳಿದ್ದನ್ನು ಇಂದು ಮರೆಯುವುದಕ್ಕೂ ಇದು ಕಾರಣವಿರಬಹುದು. ಮರೆವಿನ ಕಾಯಿಲೆ ಎಂದು ನಿರ್ಧರಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಹಾಗೆಂದು ಮರೆವಿನ ಕಾಯಿಲೆಗೂ ಕಿವಿಗೂ ಸಂಬಂಧವಿಲ್ಲ ಎಂದಲ್ಲ. ಅಮೆರಿಕದಲ್ಲಿ 639 ಜನರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಪ ಕಿವುಡಿದ್ದವರಲ್ಲಿ ಡಿಮೆನ್ಶಿಯಾ ಸುಮಾರು ಎರಡು ಪಟ್ಟು, ತೀವ್ರ ಕಿವುಡಿದ್ದವರಲ್ಲಿ ಸುಮಾರು ಐದು ಪಟ್ಟು ಕಂಡುಬಂತು. ಶ್ರವಣ ಸಾಧನ ಇಟ್ಟರೆ ಅದು ತಪ್ಪುತ್ತದೆಯೇ? 70ರಿಂದ 84 ವರ್ಷದ 977 ಮಂದಿಯ ಮೇಲೆ ಅಲ್ಲಿಯೇ ನಡೆದು 2023ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಮೂರು ವರ್ಷಗಳಲ್ಲಿ ಎಲ್ಲರನ್ನೂ ಸೇರಿಸಿ ನೋಡಿದಾಗ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ತಗ್ಗಿತು. ಆದ್ದರಿಂದ ಸಾಧನವನ್ನು ಡಿಮೆನ್ಶಿಯಾದ ಮದ್ದೆಂದು ಮಾರುವವರನ್ನು ನಂಬಬೇಡಿ. ಮೊಮ್ಮಕ್ಕಳ ಮಾತು ತಿಳಿಯುತ್ತದೆ ಎಂಬುದೇ ಸಾಕಷ್ಟು ದೊಡ್ಡ ಲಾಭ.

ಮೊದಲು ಇಎನ್‌ಟಿ ವೈದ್ಯರಲ್ಲಿ ಗುಗ್ಗೆ ಕಟ್ಟಿಕೊಂಡಿದೆಯೇ ನೋಡಿಸಿ. ಪಿನ್ನು, ಕಡ್ಡಿ, ಬಿಸಿ ಎಣ್ಣೆ ಬೇಡ, ಹತ್ತಿ ಕಡ್ಡಿ ಕೂಡ ಗುಗ್ಗೆಯನ್ನು ಒಳಗೇ ತಳ್ಳುತ್ತದೆ. ಒಂದು ಕಿವಿ ಹಠಾತ್ತನೆ ಮುಚ್ಚಿದಂತಾಗಿ ಕೇಳಿಸದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದರೆ ಚಿಕಿತ್ಸೆಯ ಫಲ ಕಡಿಮೆ. ಬಳಿಕ ಆಡಿಯಾಲಜಿಸ್ಟರಿಂದ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಬಡ ಕುಟುಂಬದವರು ಕೇಂದ್ರ ಸರಕಾರದ ಎಡಿಪ್ ಯೋಜನೆಯ ಬಗ್ಗೆ ವಿಚಾರಿಸಬಹುದು.

ಮಾತಾಡುವಾಗ ಎದುರು ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ, ನಿಧಾನವಾಗಿ ಮಾತಾಡಿ. ಟಿ.ವಿ., ಮಿಕ್ಸಿ ನಿಲ್ಲಿಸಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಜೋರಾಗಿ ಹೇಳುವ ಬದಲು ಬೇರೆ ಶಬ್ದಗಳಲ್ಲಿ ಹೇಳಿ. ಅಡುಗೆ ಮನೆಯಿಂದ ಕೂಗಿ ಉತ್ತರ ನಿರೀಕ್ಷಿಸಬೇಡಿ.

ಸಾಧನ ತಂದ ಮೇಲೆ ಕೆಲವರು ಅದನ್ನು ಕಪಾಟಿಗೆ ಸೇರಿಸುತ್ತಾರೆ. ಫ್ಯಾನಿನ ಸದ್ದು, ಪತ್ರಿಕೆ ಮಗುಚಿದ ಸದ್ದು ಎಲ್ಲವೂ ತಲೆಗೆ ಬಡಿಯುತ್ತದೆ. ಮರೆತಿದ್ದ ಶಬ್ದಗಳಿಗೆ ಮೆದುಳು ಮತ್ತೆ ಒಗ್ಗಲು ಕೆಲವು ವಾರ ಬೇಕು. ಮೊದಲು ಮನೆಯೊಳಗೆ, ಒಬ್ಬರ ಜೊತೆ, ದಿನಕ್ಕೆ ಒಂದೆರಡು ಗಂಟೆ ಇಡಲಿ. ಮದುವೆ ಹಾಲ್‌ಗೆ ಆಮೇಲೆ ಇಟ್ಟುಕೊಂಡು ಹೋಗಲಿ. ಆಗಲೂ ಕಿರಿಕಿರಿಯಾದರೆ ಸಾಧನವನ್ನು ಆಡಿಯಾಲಜಿಸ್ಟರ ಬಳಿ ಒಯ್ದು ಮತ್ತೆ ಹೊಂದಿಸಿಕೊಳ್ಳಿ.