ಬಂದ್ ಮಾಡಿ ಚಾಲೂ ಮಾಡಿದ್ರ ರೌಟರ್ ಯಾಕ ಸರಿ ಆಗ್ತದ?



ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ ಹನ್ನೊಂದು ಮೊಬೈಲ್ ಕೂಡಿದ್ದವು. ಆ ಮನೆಗೆ ವೈಫೈ ಇದೆ. ನಾಲ್ಕು ಮಂದಿಗೆ ಪುಟ ತೆರೆಯಿತು, ಉಳಿದವರಿಗೆ ಬರೀ ಚಕ್ರ ತಿರುಗಿತು. ಸಿಗ್ನಲ್ ನೋಡಿದರೆ ಎಲ್ಲರಲ್ಲೂ ಪೂರ್ತಿ ಇತ್ತು. ಆಗ ಮನೆಯ ಕಾಕಾ, "ಏ ತಮ್ಮಾ, ಆ ಡಬ್ಬಿ ಒಮ್ಮಿ ಬಂದ್ ಮಾಡಿ ಚಾಲೂ ಮಾಡು" ಅಂದರು. ಮಾಡಿದ ಕೂಡಲೇ ಎಲ್ಲರಿಗೂ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹಾಡು. ಅಂಥ ದಿನ ಫಲಿತಾಂಶದ ಸೈಟೇ ನಿಧಾನ ಇರ್ತದ ಅಂತೀರೇನೋ. ಖರೆ. ಆದ್ರ ನಮ್ಮ ಮನ್ಯಾಗಿನ ಡಬ್ಬಿ ಬಂದ್ ಮಾಡಿದ್ರ ದೂರದ ಸೈಟ್ ಹ್ಯಾಂಗ ಸರಿ ಆದೀತು?

ಇದನ್ನು ನಮ್ಮ ಅಣ್ಣನಿಗೆ ಕೇಳಿದೆ. ಅವನು ಹಳೆಯ ರೌಟರ್‌ಗಳಿಗೆ ಬೇರೆ ಫರ್ಮ್‌ವೇರ್ ಹಾಕುವ ಹುಚ್ಚು ಹಿಡಿಸಿಕೊಂಡವನು. ಅವನಿಂದ ತಿಳಿದದ್ದನ್ನು, ಆಮೇಲೆ ನಾನು ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ರೌಟರ್ ಅಂದರೆ ಪರದೆ, ಕೀಲಿಮಣೆ ಇಲ್ಲದ ಒಂದು ಸಣ್ಣ ಕಂಪ್ಯೂಟರ್. ಅದರಲ್ಲಿ ಎರಡು ಬಗೆಯ ಮೆಮೊರಿ ಇರುತ್ತವೆ. ಒಂದು ಫ್ಲ್ಯಾಶ್. ಇದು ನಮ್ಮ ಹಿರಿಯರ ಹಗೇವು ಇದ್ದಂಗ. ಒಳಗೆ ಹಾಕಿದ್ದು ಕರೆಂಟ್ ಹೋದರೂ ಉಳಿಯುತ್ತದೆ. ಇನ್ನೊಂದು ರ‍್ಯಾಮ್. ಇದು ರಾಶಿ ಮಾಡುವ ಕಣ. ಕೆಲಸವೆಲ್ಲ ನಡೆಯುವುದು ಇಲ್ಲೇ, ಆದರೆ ಕರೆಂಟ್ ಹೋದರೆ ಕಣ ಗುಡಿಸಿದಂತೆ ಖಾಲಿ. ಹಗೇವಿನಲ್ಲಿ ಇಟ್ಟಿರುವ, ರೌಟರನ್ನು ನಡೆಸುವ ಪ್ರೋಗ್ರಾಮಿಗೇ ಫರ್ಮ್‌ವೇರ್ ಎಂದು ಹೆಸರು.

ಈಗ ಇವು ಎಷ್ಟು ಸಣ್ಣವು ನೋಡಿರಿ. ಮನೆಗಳಲ್ಲಿ ಬಹಳ ಕಾಲ ಓಡಿದ ಅಗ್ಗದ ರೌಟರ್‌ಗಳಲ್ಲಿ ಫ್ಲ್ಯಾಶ್ 4 ಎಂಬಿ, ರ‍್ಯಾಮ್ 32 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊನೇ 3-4 ಎಂಬಿ ಇರುತ್ತದೆ. ಅಂದರೆ ಒಂದು ಫೋಟೊ ಹಿಡಿಸುವ ಜಾಗದಲ್ಲಿ ಆ ಡಬ್ಬಿಯ ಇಡೀ ಸಂಸಾರ! 4 ಜಿಬಿ ರ‍್ಯಾಮ್ ಇರುವ ಮೊಬೈಲಿನ ಕಣ ಇದರ ಕಣಕ್ಕಿಂತ 128 ಪಟ್ಟು ದೊಡ್ಡದು.

ಹೊರಗಿನ ಲೋಕಕ್ಕೆ ಸಾಮಾನ್ಯವಾಗಿ ಇಡೀ ಮನೆಯದು ಒಂದೇ ವಿಳಾಸ. ಹನ್ನೊಂದು ಮೊಬೈಲ್ ಕೇಳಿದ್ದಕ್ಕೆ ಉತ್ತರ ಬಂದಾಗ ಯಾವುದು ಯಾರದು ಎಂದು ರೌಟರ್ ಗುರುತಿಡಬೇಕು. ಅದಕ್ಕೆ ಅದು ಕಿರಾಣಿ ಅಂಗಡಿಯ ಉದ್ರಿ ವಹಿಯ ಹಾಗೆ ಒಂದು ಪಟ್ಟಿ ಬರೆಯುತ್ತದೆ. ಒಂದು ಸಂಪರ್ಕಕ್ಕೆ ಒಂದು ಸಾಲು, ಒಂದು ಸಾಲಿಗೆ ಸುಮಾರು 300 ಬೈಟ್. ಒಂದು ಪುಟ ತೆರೆದರೆ ಒಂದೇ ಸಾಲಲ್ಲ, ಹತ್ತಾರು ಸಾಲು. ಚಿತ್ರಕ್ಕೊಂದು, ಜಾಹೀರಾತಿಗೊಂದು. ಮೊಬೈಲ್ ಕಿಸೆಯಲ್ಲಿದ್ದರೂ ಒಳಗಿನ ಆ್ಯಪ್‌ಗಳು ಸುಮ್ಮನಿರುವುದಿಲ್ಲ.

ಈ ವಹಿ ಇರುವುದು ಕಣದಲ್ಲಿ. ಕಣವೇ ಸಣ್ಣದು, ಆದ್ದರಿಂದ ವಹಿಗೂ ಇಷ್ಟೇ ಸಾಲು ಅಂತ ಮಿತಿ. ವಹಿ ತುಂಬಿದಾಗ ಹಳೆಯ ಸಾಲಿನವರ ಕೆಲಸ ನಡೆಯುತ್ತದೆ, ಹೊಸಬರಿಗೆ ಜಾಗವಿಲ್ಲ. ನಾಲ್ಕು ಮಂದಿಗೆ ಬಂದು ಏಳು ಮಂದಿಗೆ ಬಾರದ್ದಕ್ಕೆ ಇದು ಸರಿಹೊಂದುವ ಕಾರಣ. ಬಂದ್ ಮಾಡಿ ಚಾಲೂ ಮಾಡಿದರೆ ವಹಿ ಕೋರಾ ಆಗುತ್ತದೆ. ಕಾಕಾ ಹೇಳಿದ್ದು ಖರೆ, ಕಾರಣ ಅಷ್ಟೇ ಅವರಿಗೆ ಗೊತ್ತಿರಲಿಲ್ಲ.

ಹೊಸ ಫರ್ಮ್‌ವೇರ್ ಹಾಕುವವರ ಜಾಣತನ ಇಲ್ಲೇ ಇದೆ. ಅನೇಕ ರೌಟರ್‌ಗಳ ಒಳಗೆ ಓಡುವುದು ಲಿನಕ್ಸ್. ಲಿನಕ್ಸಿನ ಮೂಲ ಲೆಕ್ಕದಲ್ಲಿ, ಸುಮ್ಮನೆ ಕೂತ ಒಂದು ಸಂಪರ್ಕದ ಸಾಲು ವಹಿಯಲ್ಲಿ 5 ದಿನ ಇರಬಹುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಫರ್ಮ್‌ವೇರ್ ಅದನ್ನು 7,440 ಸೆಕೆಂಡಿಗೆ ಇಳಿಸಿತು, ಎರಡು ತಾಸಿಗಿಂತ ತುಸು ಹೆಚ್ಚು. ಕಣ ಅಷ್ಟೇ ಇದೆ, ಆದರೆ ಕಸ ಬೇಗ ಗುಡಿಸುತ್ತದೆ. ಅದರ ಹಳೆಯ ಆವೃತ್ತಿಗಳಲ್ಲಿ ವಹಿಯ ಮಿತಿ 16,384 ಸಾಲು. ಗುಣಿಸಿ ನೋಡಿರಿ: ತುಂಬಿದರೆ ಸುಮಾರು 5 ಎಂಬಿ. 32ರಲ್ಲಿ 5 ಅಂದರೆ ಕಡಿಮೆಯಲ್ಲ, ಉಳಿದುದರಲ್ಲೇ ವೈಫೈ ಮತ್ತೆಲ್ಲ ನಡೆಯಬೇಕು.

ಈ ಫರ್ಮ್‌ವೇರ್ ಹುಟ್ಟಿದ ಕತೆ ಸ್ವಾರಸ್ಯದ್ದು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್ 2002ರ ಕೊನೆಗೆ ಬಂತು. ಅದರೊಳಗೆ ಲಿನಕ್ಸ್ ಇದೆ ಎಂದು 2003ರಲ್ಲಿ ಕೆಲವರು ಕಂಡುಹಿಡಿದರು. ಲಿನಕ್ಸಿನ ಕರಾರು ಹೇಗಿದೆಯೆಂದರೆ, ಅದನ್ನು ಬಳಸಿ ಮಾರಿದವರು ಅದರ ಮೂಲ ಬರಹವನ್ನೂ ಕೊಡಬೇಕು. ಕಂಪನಿ ಕೊಟ್ಟಿತು. ಅದನ್ನು ತಿದ್ದುತ್ತ ತಿದ್ದುತ್ತ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಬಾಲ ಆ ರೌಟರಿನದೇ. ಆದರೆ 2005ರಲ್ಲಿ ಅದೇ ಹೆಸರಿನ ರೌಟರಿನ 5ನೇ ಆವೃತ್ತಿ ಬಂದಾಗ ಫ್ಲ್ಯಾಶ್ 4ರಿಂದ 2 ಎಂಬಿಗೆ, ರ‍್ಯಾಮ್ 16ರಿಂದ 8ಕ್ಕೆ ಇಳಿದಿತ್ತು. ಲಿನಕ್ಸನ್ನೂ ತೆಗೆದಿದ್ದರು. ಜನ ಗುಣಗುಟ್ಟಿದರು. ಹಳೆಯ ಅಳತೆಯದು ಬೇಕೆಂದವರಿಗೆ ಹೆಸರಿಗೆ 'ಎಲ್' ಅಕ್ಷರ ಸೇರಿಸಿ ಬೇರೆ ಮಾರಿದರು.

ಮೇಲೆ ಅದೇ ಹೆಸರು, ಒಳಗೆ ಬೇರೆ. ಇದು ಬರೀ ಅಂದಿನ ಮಾತಲ್ಲ. ಟಿಪಿ-ಲಿಂಕ್‌ನ ಡಬ್ಲ್ಯುಆರ್841ಎನ್ ರೌಟರಿನ 13ನೇ ಆವೃತ್ತಿಯಲ್ಲಿ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್. 14ರಲ್ಲಿ ಮತ್ತೆ 4 ಮತ್ತು 32. ಡಬ್ಬಿ ತಿರುವಿ ಕೆಳಗಿನ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆ ನೋಡದೆ ಯಾವ ಫರ್ಮ್‌ವೇರನ್ನೂ ಹಾಕಬಾರದು.

ಇನ್ನು ಅಣ್ಣನ ಫಜೀತಿ ಕೇಳಿರಿ. ಅವನದು 4/32ರ ಹಳೆಯ ರೌಟರ್. ಆ 4 ಎಂಬಿ ಅಂದರೆ 4,096 ಕೆಬಿ. ಇಂಥವುಗಳಲ್ಲಿ ಸಾಮಾನ್ಯವಾಗಿ ಚಾಲೂ ಮಾಡುವ ಪ್ರೋಗ್ರಾಮಿಗೆ 128 ಕೆಬಿ, ವೈಫೈ ರೇಡಿಯೊದ ಅಳತೆಗಳಿಗೆ 64 ಕೆಬಿ ಮೀಸಲು. ಉಳಿದದ್ದು 3,904. ಇದರಲ್ಲಿ ಫರ್ಮ್‌ವೇರನ್ನು ಅಂಡಿಗೆಯಲ್ಲಿ ಹತ್ತಿ ತುಳಿದಂತೆ ಒತ್ತಿ ತುಂಬುತ್ತಾರೆ. ಬಿಚ್ಚಿದರೆ ಹರಡಿಕೊಳ್ಳುತ್ತದೆ, ಆ ಹರವಿಗೂ ಕಣವೇ ಬೇಕು. ಅಣ್ಣ ಯಾರೋ ಕತ್ತರಿಸಿ ಸಣ್ಣದು ಮಾಡಿದ ಒಂದು ಹೊಸ ಆವೃತ್ತಿಯನ್ನು ಹಾಕಿದ. ಹಿಡಿಸಿತು. ಮನಿ ಮಂದಿಗೆಲ್ಲ ಕರೆದು ತೋರಿಸಿದ. ಸಂಜೀಕ ಕರೆಂಟ್ ಹೋಗಿ ಬಂತು. ನೋಡಿದರೆ ಹಾಕಿದ ಪಾಸ್‌ವರ್ಡ್ ಇಲ್ಲ, ಹೆಸರಿಲ್ಲ, ಏನೂ ಇಲ್ಲ! ಮತ್ತೆ ಬರೆದ. ಮರುದಿನ ಕರೆಂಟ್ ಹೋಯಿತು, ಮತ್ತೆ ಹೋಯಿತು.

ಆದದ್ದಿಷ್ಟೇ. ಫರ್ಮ್‌ವೇರ್ ಹಗೇವನ್ನು ಬಾಯಿತನಕ ತುಂಬಿತ್ತು. ನಾವು ಬರೆಯುವ ಸೆಟ್ಟಿಂಗ್‌ಗಳನ್ನು ಇಡಲು ಇನ್ನೂ ಕೆಲವು ನೂರು ಕೆಬಿ ಬೇಕು, ಅದು ಉಳಿದಿರಲಿಲ್ಲ. ಆಗ ರೌಟರ್ ಅವನ್ನು ಕಣದಲ್ಲಿ ಇಟ್ಟುಕೊಂಡು ದಿನ ನೂಕಿತು. ಕರೆಂಟ್ ಹೋದಾಗೆಲ್ಲ ಕಣದ ಜೊತೆ ಅವೂ ಹೋದವು.

ಅವ್ವ, "ನಾಲ್ಕು ಸೇರಿನ ಡಬ್ಬಿಗೆ ಐದು ಸೇರು ಹಾಕ್ಲಿಕ್ಕೆ ಹೋಗಿದ್ದೇನೋ?" ಅಂದಳು. ಓಪನ್‌ಡಬ್ಲ್ಯುಆರ್‌ಟಿಯವರೂ ಕೊನೆಗೆ ಇದನ್ನೇ ಹೇಳಿದರು. ಲಿನಕ್ಸ್ ವರ್ಷ ವರ್ಷಕ್ಕೆ ಬೆಳೆಯುತ್ತದೆ, ಬೋರ್ಡಿಗೆ ಬೆಸೆದ ಚಿಪ್ಪು ಬೆಳೆಯುವುದಿಲ್ಲ. 19.07 ಎಂಬ ಸರಣಿಯ ಕೊನೆಯ ತಿದ್ದುಪಡಿ 2022ರ ಏಪ್ರಿಲ್‌ನಲ್ಲಿ ಬಂತು, 4/32ರ ಡಬ್ಬಿಗಳಿಗೆ ಅಲ್ಲಿಗೆ ಮುಗಿಯಿತು. ಹೊಸದಾಗಿ ಕೊಳ್ಳುವವರು ಕನಿಷ್ಠ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇರುವುದನ್ನೇ ನೋಡಬೇಕೆಂದು ಅವರ ಸಲಹೆ.

ಹಾಗಾದರೆ ಈ ಉಸಾಬರಿ ಯಾಕೆ? ಕಂಪನಿಗಳು ಕೆಲವು ವರ್ಷದ ಮೇಲೆ ತಮ್ಮ ಫರ್ಮ್‌ವೇರ್ ತಿದ್ದುವುದನ್ನು ನಿಲ್ಲಿಸುತ್ತವೆ, ಕಳ್ಳರಿಗೆ ಕಿಂಡಿ ಉಳಿಯುತ್ತದೆ. ಮೆಮೊರಿ ಸಾಕಷ್ಟು ಇದ್ದ ರೌಟರ್ ಬೇರೆ ಫರ್ಮ್‌ವೇರಿನಿಂದ ಮತ್ತಷ್ಟು ವರ್ಷ ಬಾಳುತ್ತದೆ. ಕಂಪನಿ ಎಣಿಸದ ಕೆಲಸವನ್ನೂ ಮಾಡಿಸಬಹುದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಯವರದೇ ಆದ ಮೆಶ್ ಜಾಲ ಕಟ್ಟಿದ್ದಾರೆ. ಮೆಶ್ ಅಂದರೆ ರೌಟರಿನಿಂದ ರೌಟರಿಗೆ ಸುದ್ದಿ ದಾಟಿಸುವುದು. ಇಂಥ ಕೆಲಸಕ್ಕೆಂದೇ ಓಪನ್‌ಡಬ್ಲ್ಯುಆರ್‌ಟಿ ಮೇಲೆ ಕಟ್ಟಿದ ಲಿಬ್ರೆಮೆಶ್ ಎಂಬ ಫರ್ಮ್‌ವೇರ್ ಇದೆ.

ಒಂದು ಎಚ್ಚರಿಕೆ. ಫೈಬರ್ ಜೋಡಿಸಿದವರು ಕೊಟ್ಟ ಡಬ್ಬಿಗೆ ಕೈ ಹಚ್ಚಬೇಡಿರಿ, ಅದು ಅನೇಕ ಕಡೆ ನಮ್ಮದಲ್ಲ. ಸ್ವಂತದ್ದಕ್ಕೆ ಹಾಕುವುದಾದರೂ ಫ್ಲ್ಯಾಶ್ ಬರೆಯುವಾಗ ಕರೆಂಟ್ ಹೋದರೆ ರೌಟರ್ ಇಟ್ಟಂಗಿ ಆಗುತ್ತದೆ. ಚಾಲೂ ಮಾಡುವ ಪ್ರೋಗ್ರಾಂ ಉಳಿದಿದ್ದರೆ ಅನೇಕ ರೌಟರ್‌ಗಳನ್ನು ಕೇಬಲ್ ಹಾಕಿ ಎಬ್ಬಿಸಬಹುದು, ಅದೂ ಹೋದರೆ ಕಷ್ಟ. ಇನ್ವರ್ಟರ್ ಇದ್ದ ಮನೆಯಲ್ಲೇ ಮಾಡಿರಿ.

ಅಣ್ಣ ತನ್ನ ರೌಟರಿಗೆ ಹಳೆಯ ಸಣ್ಣ ಆವೃತ್ತಿಯನ್ನೇ ವಾಪಸ್ ಹಾಕಿದ. ಕಾಕಾನ ಮನೆಗೆ ಈಗ ದೊಡ್ಡ ಮೆಮೊರಿಯ ಹೊಸ ಡಬ್ಬಿ ಬಂದಿದೆ, ವಹಿ ಬರೆಯುವ ಕೆಲಸ ಅದರದು. ಅಣ್ಣನದನ್ನು ಅದರ ಹಿಂದೆ ಕೇಬಲ್ಲಿನಿಂದ ಜೋಡಿಸಿ ಹಿತ್ತಲಿಗೆ ವೈಫೈ ಮುಟ್ಟಿಸಲು ಮಾತ್ರ ಇಟ್ಟಿದ್ದಾರೆ. ವಹಿಯ ಭಾರ ಇಲ್ಲದ್ದರಿಂದ ಅದರ 32 ಎಂಬಿ ಸಾಕಾಗಿದೆ.