ಹಾಡಿದವರ ಮನೆಗೆ ಬಾರದ ಕ್ರಿಸ್‌ಮಸ್

ಡಿಸೆಂಬರ್ ಬಂದೊಡನೆ ಅಂಗಡಿ, ಹೋಟೆಲ್‌ಗಳಲ್ಲಿ ಕೇಳಿಬರುವ ಕ್ರಿಸ್‌ಮಸ್ ಹಾಡುಗಳು ಬಹುಮಟ್ಟಿಗೆ ಸಮೃದ್ಧಿಯ ಹಾಡುಗಳು. ಹಿಮ, ಗಂಟೆಯ ನಾದ, ದೀಪ, ಉಡುಗೊರೆಗಳೇ ಅವುಗಳ ವಸ್ತು. ನನಗೆ ಪ್ರಿಯವಾದ ಕ್ರಿಸ್‌ಮಸ್ ಹಾಡುಗಳು ಬೇರೆ. ಬ್ಲೂಸ್, ಸೋಲ್ ಮತ್ತು ರಾಕ್ ಗಾಯಕರು ಹಾಡಿದ ಅವುಗಳಲ್ಲಿ ಹಬ್ಬದ ದಿನವೂ ಮನೆಗೆ ಬಾರದವರ ನೆನಪಿದೆ, ಜೇಬು ಬರಿದಾದವರ ಅಳಲಿದೆ. ವಿದ್ಯಾರ್ಥಿ ದೆಸೆಯಲ್ಲಿ ಅವುಗಳನ್ನು ರಾಗಕ್ಕಾಗಿ ಕೇಳುತ್ತಿದ್ದೆ. ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರದ ಲೆಕ್ಕಪತ್ರಗಳನ್ನು ನೋಡಿ ನಿವೃತ್ತನಾದ ಮೇಲೆ ಇನ್ನೊಂದು ಪ್ರಶ್ನೆಯೂ ಕಾಡುತ್ತದೆ: ವರ್ಷವರ್ಷವೂ ಬರುವ ಈ ಹಾಡುಗಳ ಫಸಲು ಯಾರ ಕಣಜ ಸೇರುತ್ತಿದೆ?

ಈ ಹಾಡುಗಳಲ್ಲಿ ಅಗಲಿಕೆಯ ಎಳೆ ಆಕಸ್ಮಿಕವಾಗಿ ಬಂದದ್ದೆಂದು ನನಗನಿಸುವುದಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ, ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಗುಲಾಮರಿಗೆ ರಜೆ ಕೊಡುತ್ತಿದ್ದ ಪದ್ಧತಿಯನ್ನು ವಿವರಿಸಿದ್ದಾರೆ. ಬಂಡಾಯದ ಕಾವನ್ನು ಆರಿಸಲು ಒಡೆಯರು ಹೂಡಿದ ಉಪಾಯವದು ಎಂಬುದು ಅವರ ನಿಲುವು. ರಜೆ ಮುಗಿದು ಬರುವ ಜನವರಿ 1, ದಕ್ಷಿಣದ ಅನೇಕ ಕಡೆ ಗುಲಾಮರನ್ನು ವರ್ಷದ ಬಾಡಿಗೆಗೆ ಕಳುಹಿಸುವ ದಿನ. ಗಂಡ ಒಂದೆಡೆ, ಹೆಂಡತಿ ಒಂದೆಡೆ, ಮಕ್ಕಳು ಮತ್ತೊಂದೆಡೆ. ಮುಂದೆ 20ನೇ ಶತಮಾನದಲ್ಲಿ ಸುಮಾರು 60 ಲಕ್ಷ ಆಫ್ರಿಕನ್-ಅಮೆರಿಕನ್ನರು ದಕ್ಷಿಣವನ್ನು ತೊರೆದು ಷಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲೀಸ್‌ನಂತಹ ನಗರಗಳಿಗೆ ವಲಸೆ ಹೋದರು. ಊರು ಬಿಟ್ಟವರಿಗೆ ಹಬ್ಬ ಬಂದರೆ ಮನೆಯ ನೆನಪೇ ಮೊದಲು ಬರುತ್ತದೆ. ಸೆರೆಮನೆಯಲ್ಲಿ ಕಳೆಯುವ ಕ್ರಿಸ್‌ಮಸ್ ಕುರಿತ ಬ್ಲೂಸ್ ಹಾಡನ್ನು ಲೆರಾಯ್ ಕಾರ್ 1929ರಲ್ಲೇ ಧ್ವನಿಮುದ್ರಿಸಿದ್ದರು.

ಈ ಪರಂಪರೆಯಲ್ಲಿ ನನ್ನ ಮೊದಲ ಆಯ್ಕೆ ಚಾರ್ಲ್ಸ್ ಬ್ರೌನ್. 1922ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಇವರು ರಸಾಯನಶಾಸ್ತ್ರದ ಪದವೀಧರ, ಕೆಲಕಾಲ ಶಾಲಾ ಅಧ್ಯಾಪಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್‌ಗೆ ಬಂದು ಪಿಯಾನೊವಾದನವನ್ನೇ ವೃತ್ತಿಯಾಗಿಸಿಕೊಂಡರು. 1947ರಲ್ಲಿ ಜಾನಿ ಮೂರ್ ಅವರ ತ್ರೀ ಬ್ಲೇಜರ್ಸ್ ತಂಡದೊಂದಿಗೆ ಹಾಡಿದ ‘ಮೆರ್ರಿ ಕ್ರಿಸ್‌ಮಸ್ ಬೇಬಿ’ಯಲ್ಲಿ ಅಬ್ಬರವಿಲ್ಲದ ಸಂತೃಪ್ತಿಯಿದೆ. 1960ರ ‘ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್’ ಇದರ ಇನ್ನೊಂದು ಮುಖ. ಊರಿಗೆಲ್ಲ ಹಬ್ಬ, ಹಾಡುವವನು ಮಾತ್ರ ಒಬ್ಬಂಟಿ. ಈಗಲ್ಸ್ ತಂಡ 1978ರಲ್ಲಿ ಇದನ್ನು ಮತ್ತೆ ಹಾಡಿತು. ಮೊದಲ ಹಾಡನ್ನಂತೂ ಎಲ್ವಿಸ್ ಪ್ರೀಸ್ಲಿ, ಓಟಿಸ್ ರೆಡ್ಡಿಂಗ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಲ್ಲರೂ ಹಾಡಿದ್ದಾರೆ. ಆದರೆ ಅದರ ರಚನಕಾರರೆಂದು ದಾಖಲೆಯಲ್ಲಿರುವ ಹೆಸರುಗಳು ಲೂ ಬ್ಯಾಕ್ಸ್‌ಟರ್ ಮತ್ತು ಜಾನಿ ಮೂರ್ ಅವರವು. ರಚಿಸಿದವನು ತಾನೆಂದು ಬ್ರೌನ್ ಹೇಳುತ್ತಲೇ ಇದ್ದರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 1999ರ ಮಾರ್ಚ್‌ನಲ್ಲಿ. ಅವರು ತೀರಿಕೊಂಡದ್ದು ಅದೇ ವರ್ಷ ಜನವರಿಯಲ್ಲಿ.

ಓಟಿಸ್ ರೆಡ್ಡಿಂಗ್ ಹಾಡಿದ ‘ವೈಟ್ ಕ್ರಿಸ್‌ಮಸ್’ ಇನ್ನೊಂದು ವಿಸ್ಮಯ. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಅರ್ವಿಂಗ್ ಬರ್ಲಿನ್ ರಚಿಸಿದ, 1942ರಲ್ಲಿ ಬಿಂಗ್ ಕ್ರಾಸ್ಬಿ ಕಂಠದಲ್ಲಿ ಪ್ರಸಿದ್ಧವಾದ ಈ ಗೀತೆ ಓಟಿಸ್ ಬಾಯಲ್ಲಿ ಪ್ರಾರ್ಥನೆಯಾಗುತ್ತದೆ. ಅದು ಬಿಡುಗಡೆಯಾದಾಗ ಅವರಿರಲಿಲ್ಲ. 1967ರ ಡಿಸೆಂಬರ್ 10ರಂದು, 26ನೇ ವಯಸ್ಸಿನಲ್ಲಿ, ವಿಮಾನ ಅಪಘಾತಕ್ಕೆ ಬಲಿಯಾಗಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ 1968ರಲ್ಲಿ ಜೇಮ್ಸ್ ಬ್ರೌನ್, ಸಾಂತಾಕ್ಲಾಸ್ ನೇರವಾಗಿ ಬಡವರ ಕೇರಿಗೆ ಹೋಗಲಿ ಎಂದು ಹಾಡಿದರು. ಇಂಗ್ಲೆಂಡಿನ ಕಿಂಕ್ಸ್ ತಂಡದ 1977ರ ‘ಫಾದರ್ ಕ್ರಿಸ್‌ಮಸ್’ನಲ್ಲಿ ಬಡ ಹುಡುಗರು ಕ್ರಿಸ್‌ಮಸ್ ತಾತನನ್ನೇ ಅಡ್ಡಗಟ್ಟುತ್ತಾರೆ. ಆಟಿಕೆ ಬೇಡ, ದುಡ್ಡು ಕೊಡು, ಅಪ್ಪನಿಗೊಂದು ಕೆಲಸ ಕೊಡು ಎಂಬುದು ಅವರ ಬೇಡಿಕೆ. ದಾನಕ್ಕಿಂತ ದುಡಿಮೆ ಮೇಲೆಂಬ ಮಾತನ್ನು ಬಡತನ ನಿವಾರಣೆಯ ಕಡತಗಳಲ್ಲಿ ಇಷ್ಟು ನೇರವಾಗಿ ನಾನು ಓದಿದ್ದಿಲ್ಲ. ಹಾಗೆಂದು ಎಲ್ಲವೂ ಅಳಲೇ ಎನ್ನುವಂತಿಲ್ಲ. ಡಾನಿ ಹ್ಯಾಥವೇ ಮತ್ತು ನಾಡೀನ್ ಮೆಕಿನರ್ ರಚಿಸಿದ 1970ರ ‘ದಿಸ್ ಕ್ರಿಸ್‌ಮಸ್’ ಅಪ್ಪಟ ಸಂತಸದ ಹಾಡು.

ನನ್ನ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ದೊರೆಯುವುದು ಡಾರ್ಲೀನ್ ಲವ್ ಅವರ ಬದುಕಿನಲ್ಲಿ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರಿಂದ 1962ರಲ್ಲಿ ಹಾಡಿಸಿದ ‘ಹೀ ಈಸ್ ಎ ರೆಬೆಲ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಮೇಲಿದ್ದುದು ಕ್ರಿಸ್ಟಲ್ಸ್ ಎಂಬ ಬೇರೊಂದು ತಂಡದ ಹೆಸರು. ಮರುವರ್ಷ ಅವರು ‘ಕ್ರಿಸ್‌ಮಸ್, ಬೇಬಿ ಪ್ಲೀಸ್ ಕಮ್ ಹೋಮ್’ ಹಾಡಿದರು. ಆ ಗೀತೆಯಿದ್ದ ಸಂಕಲನ ಬಿಡುಗಡೆಯಾದದ್ದು 1963ರ ನವೆಂಬರ್ 22ರಂದು, ಅಧ್ಯಕ್ಷ ಕೆನಡಿ ಹತ್ಯೆಯಾದ ದಿನ. 1980ರ ದಶಕದ ಆರಂಭದಲ್ಲಿ ಲವ್ ಹೊಟ್ಟೆಪಾಡಿಗಾಗಿ ಸಿರಿವಂತರ ಮನೆಗಳನ್ನು ಶುಚಿಗೊಳಿಸುತ್ತಿದ್ದರು. ಅಂತಹ ಒಂದು ಮನೆಯ ಬಚ್ಚಲು ತೊಳೆಯುತ್ತಿದ್ದಾಗ ರೇಡಿಯೊದಲ್ಲಿ ತಮ್ಮದೇ ಕ್ರಿಸ್‌ಮಸ್ ಹಾಡು ಕೇಳಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. ಮತ್ತೆ ಹಾಡಲು ನಿಶ್ಚಯಿಸಿದ್ದು ಆಗ. 1986ರಿಂದ 2014ರವರೆಗೆ ಬಹುತೇಕ ಪ್ರತಿ ಡಿಸೆಂಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಅದೇ ಹಾಡನ್ನು ಹಾಡಿದರು. ಬಾಕಿ ರಾಯಲ್ಟಿಗಾಗಿ ಸ್ಪೆಕ್ಟರ್ ವಿರುದ್ಧ ಹೂಡಿದ ದಾವೆಯಲ್ಲಿ 1997ರಲ್ಲಿ ಎರಡೂವರೆ ಲಕ್ಷ ಡಾಲರ್‌ಗೂ ಹೆಚ್ಚು ಮೊತ್ತದ ತೀರ್ಪು ಅವರ ಪರವಾಗಿ ಬಂತು.

ಇಲ್ಲಿ ಒಬ್ಬ ನಿರ್ಮಾಪಕನ ಲೋಭದ ಜೊತೆಗೆ ಕಾನೂನಿನ ಲೋಪವೂ ಇದೆ. ಅಮೆರಿಕದ ಎಎಂ, ಎಫ್‌ಎಂ ಬಾನುಲಿ ಕೇಂದ್ರಗಳು ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ ರಾಯಲ್ಟಿ ಸಲ್ಲಿಸುತ್ತವೆ. ಹಾಡಿದವರಿಗೆ ಸಲ್ಲಿಸಬೇಕೆಂಬ ಕಾನೂನು ಅಲ್ಲಿಲ್ಲ. ಪ್ರಸಾರವೇ ಪ್ರಚಾರ, ಅದರಿಂದ ಮಾರಾಟ ಹೆಚ್ಚುತ್ತದೆಂಬುದು ಬಾನುಲಿ ಒಡೆಯರ ವಾದ. ಮಾರಾಟದ ಪಾಲೂ ಕೈಸೇರದ ಗಾಯಕಿಗೆ ಈ ವಾದದಿಂದ ಏನು ಬಂತು? ಇತರ ಹಾಡುಗಳ ಆಯುಷ್ಯ ಕೆಲವು ತಿಂಗಳು. ಕ್ರಿಸ್‌ಮಸ್ ಹಾಡು ತೆಂಗಿನ ಮರದಂತೆ, ಒಮ್ಮೆ ಬೇರೂರಿದರೆ ತಲೆಮಾರುಗಳವರೆಗೆ ಫಲ. ಬ್ರೆಂಡಾ ಲೀ 1958ರಲ್ಲಿ, 13ರ ಬಾಲಕಿಯಾಗಿದ್ದಾಗ ಹಾಡಿದ ‘ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ’ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನ ತಲುಪಿದ್ದು 2023ರಲ್ಲಿ. ಆದುದರಿಂದಲೇ ಮರ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಾಗುತ್ತದೆ.

ಹಕ್ಕು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ನಿದರ್ಶನವಿದೆ. ರುಡಾಲ್ಫ್ ಎಂಬ ಕೆಂಪು ಮೂಗಿನ ಹಿಮಸಾರಂಗದ ಕಥೆಯನ್ನು 1939ರಲ್ಲಿ ಬರೆದವರು ಮಾಂಟ್‌ಗೊಮರಿ ವಾರ್ಡ್ ಮಳಿಗೆಯ ನೌಕರ ರಾಬರ್ಟ್ ಮೇ. ಸಾಲದಲ್ಲಿದ್ದ ಅವರಿಗೆ ಸಂಸ್ಥೆ 1947ರಲ್ಲಿ ಕೃತಿಯ ಹಕ್ಕನ್ನೇ ಬಿಟ್ಟುಕೊಟ್ಟಿತು. ಎರಡೇ ವರ್ಷಗಳಲ್ಲಿ ಆ ಕಥೆ ಹಾಡಾಗಿ ಮನೆಮಾತಾಯಿತು, ಮೇ ಅವರ ಕಷ್ಟ ಕಳೆಯಿತು. ಭಾರತ 2012ರ ತಿದ್ದುಪಡಿಯ ಮೂಲಕ ಕವಿ, ಸಂಗೀತ ಸಂಯೋಜಕರೊಂದಿಗೆ ಗಾಯಕರಿಗೂ ರಾಯಲ್ಟಿಯ ಹಕ್ಕು ನೀಡಿತು. ಕಾನೂನು ಬಂದ ಮಾತ್ರಕ್ಕೆ ಹಣ ಕೈಸೇರದು ಎಂಬುದನ್ನು ಆಡಳಿತದಲ್ಲಿದ್ದು ಬಲ್ಲೆ. ಆದರೆ ಕಾನೂನೇ ಇಲ್ಲದಿದ್ದರೆ ಕೇಳುವ ಬಾಯಿಗೆ ಬಲವಿರುವುದಿಲ್ಲ.

ಈ ಹಾಡುಗಳನ್ನು ಕೇಳದವರು ಒಮ್ಮೆ ಕೇಳಬೇಕು. ಚಾರ್ಲ್ಸ್ ಬ್ರೌನ್‌ರಿಂದ ಆರಂಭಿಸಿ ಡಾರ್ಲೀನ್ ಲವ್‌ವರೆಗೆ ಬಂದರೆ ಒಂದು ಸಂಜೆಗೆ ಸಾಕು. ಮನೆಗೆ ಬಾ ಎಂದು ಕರೆಯುವ ಆ ಕಂಠಗಳಿಗೆ ಸಲ್ಲಬೇಕಾದುದು ಸಲ್ಲುವುದು ಔದಾರ್ಯದ ಮಾತಲ್ಲ, ಲೆಕ್ಕದ ಮಾತು.