ಬಿಂದುಗಳಿಲ್ಲದ ಜ್ಯಾಮಿತಿ
ಹಿರೇಕೆರೂರು ಸೀಮೆಯ ಮದಗ ಮಾಸೂರು ಕೆರೆ ಗೊತ್ತಲ್ಲ? ಒಂದೊಂದು ಜಾಗದಲ್ಲೂ ನೀರಿನ ಆಳ ಎಷ್ಟು, ಬಿಸಿ ಎಷ್ಟು ಅಂತ ಬರೆದಿಡಿ. ಎರಡು ಫಂಕ್ಷನ್ ಸಿಕ್ಕವು. ಆಳವನ್ನು ಬಿಸಿಯಿಂದ ಗುಣಿಸಿ, ಬಿಸಿಯನ್ನು ಆಳದಿಂದ ಗುಣಿಸಿ, ಉತ್ತರ ಒಂದೇ.

1943ರಲ್ಲಿ ಗಣಿತಜ್ಞರಾದ ಗೆಲ್ಫಾಂಡ್ ಮತ್ತು ನೈಮಾರ್ಕ್ ಬೆರಗಿನ ಸಂಗತಿಯೊಂದನ್ನು ಸಾಧಿಸಿದರು. ಕೆರೆಯನ್ನು ಮರೆತುಬಿಡಿ, ಅದರ ಮೇಲಿನ ಎಲ್ಲ ನಿರಂತರ ಫಂಕ್ಷನ್‌ಗಳ ಬೀಜಗಣಿತ, ಅಂದರೆ ಅವನ್ನು ಕೂಡುವ, ಗುಣಿಸುವ ಲೆಕ್ಕ, ಕೈಯಲ್ಲಿದ್ದರೆ ಸಾಕು, ಬಿಂದುಗಳನ್ನೂ ಅವು ಹೊಂದಿಕೊಂಡಿರುವ ಬಗೆಯನ್ನೂ ಮರಳಿ ಪಡೆಯಬಹುದು!

ಪರಮಾಣುವಿನೊಳಗೆ ಮಾತ್ರ ಲೆಕ್ಕ ಬೇರೆ. 1925ರಲ್ಲಿ ಹೈಸನ್‌ಬರ್ಗ್, ಬಾರ್ನ್, ಜೋರ್ಡಾನ್ ಕಂಡಂತೆ, ಕಣದ ಸ್ಥಾನವನ್ನೂ ಸಂವೇಗವನ್ನೂ ಗುಣಿಸುವ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ದ್ವಿತೀಯ ಪಿಯುಸಿಯ ಮ್ಯಾಟ್ರಿಕ್ಸ್‌ಗಳಲ್ಲಿ ನೀವು ನೋಡಿದ್ದೂ ಇದನ್ನೇ. ಸ್ಥಾನ, ಸಂವೇಗಗಳು ಬರೀ ಸಂಖ್ಯೆಗಳಲ್ಲ, ಒಂದನ್ನು ಇನ್ನೊಂದಾಗಿ ಬದಲಿಸುವ ಕ್ರಿಯೆಗಳು, ಅಂದರೆ ಆಪರೇಟರ್‌ಗಳು. ಇಲ್ಲಿ ಹಳೆಯ ಅರ್ಥದ ಬಿಂದುಗಳೇ ಉಳಿಯುವುದಿಲ್ಲ.

ಫ್ರಾನ್ಸಿನ ಗಣಿತಜ್ಞ ಅಲೆನ್ ಕಾನ್ ಅವರ ಧೈರ್ಯ ನನಗೆ ಬಲು ಇಷ್ಟ. ಬಿಂದುಗಳು ಹೋದರೂ ಬೀಜಗಣಿತ ಇದೆಯಲ್ಲ, ಅದನ್ನೇ ಜಾಗವೆಂದು ಹಿಡಿದರು. ಡಿರಾಕ್ ಆಪರೇಟರ್ ಎಂಬ ವಿಶೇಷ ಆಪರೇಟರ್ ಬಳಸಿ ದೂರ ಅಳೆಯುವ ದಾರಿಯನ್ನೂ ಕಂಡುಕೊಂಡರು.

ಇಂಥ ಆಪರೇಟರ್ ಬೀಜಗಣಿತ ನಮ್ಮ ಬೆಂಗಳೂರಿನಲ್ಲೂ ಬೆಳೆದಿದೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ವಿ. ರಾಜಾರಾಮ ಭಟ್, ಕ್ವಾಂಟಂ ವ್ಯವಸ್ಥೆಗಳು ಕಾಲ ಸರಿದಂತೆ ಬದಲಾಗುವ ಬಗೆಯ ಗಣಿತವನ್ನು ಇದರಲ್ಲೇ ಕಟ್ಟಿದವರು. 2007ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿದೆ.